ಆರ್ಥರ್ ರಾನ್ಸಮ್: ಮಕ್ಕಳ ಕೈಗೆ ಚುಕ್ಕಾಣಿಯನ್ನು ಕೊಟ್ಟ ಗ್ರಂಥಕರ್ತನು

ಹಾಯಿದೋಣಿಯಲ್ಲಿ ವಿಹರಿಸುವುದು ಐಶ್ವರ್ಯವಂತರ ವಿನೋದವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಹಾಯಿಯು ಹೊಟ್ಟೆಪಾಡಿನ ಸಾಧನವಾಗಿದ್ದಿತೇ ಹೊರತು ವಿನೋದದ ವಸ್ತುವಾಗಿರಲಿಲ್ಲ. ಮಂಗಳೂರಿನ ಮಂಜಿಗಳು ಸರಕು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗಿಬರುತ್ತಿದ್ದ ಕಾಲದಲ್ಲಿ, ಮನೆಯ ಮಕ್ಕಳನ್ನು ಕರೆದುಕೊಂಡು ಸುಮ್ಮನೆ ಹಾಯಿ ಏರಿಸಿ ತಿರುಗಾಡೋಣವೆಂದು ಯಾವ ತಂಡೇಲನೂ ಯೋಚಿಸಿರಲಾರನು. ಇಂಗ್ಲೆಂಡಿನಲ್ಲಿಯೂ ಬಹುಕಾಲ ಈ ವಿನೋದವು ರಾಜಮನೆತನದವರಿಗೂ ಗಿರಣಿಯೊಡೆಯರಿಗೂ ಮೀಸಲಾಗಿದ್ದಂತೆ ತೋರುತ್ತಿದ್ದಿತು. ಅವರು ದೊಡ್ಡ ನೌಕೆಗಳನ್ನು ಕಟ್ಟಿಸಿ, ಸಂಬಳದ ನಾವಿಕರಿಂದ ನಡೆಯಿಸಿ, ತಾವು ಮೇಲ್ಗಡೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಒಂದು ಹಳೆಯ ಸಣ್ಣ ದೋಣಿ, ಒಂದು ಹಾಯಿ, ಒಂದು ಸರೋವರ, ನಾಲ್ಕು ಮಕ್ಕಳು, ಇಷ್ಟಿದ್ದರೆ ಒಂದು ಕುಟುಂಬದ ಬೇಸಗೆಯ ರಜೆಗೆ ಸಾಲುವುದೆಂದು ಸಾಮಾನ್ಯ ಜನರ ಮನಸ್ಸಿನಲ್ಲಿ ನಾಟಿಸಿದವರಲ್ಲಿ ಆರ್ಥರ್ ರಾನ್ಸಮನು ಮುಖ್ಯನಾದವನು. ಆತನು ದೋಣಿಗಳನ್ನು ಕಟ್ಟುವ ಬಡಗಿಯಲ್ಲ, ನೌಕಾಪಡೆಯ ಅಧಿಕಾರಿಯೂ ಅಲ್ಲ. ಪತ್ರಿಕೆಗಳಿಗೆ ಬರೆದು ಜೀವಿಸುತ್ತಿದ್ದು, ನಡುವಯಸ್ಸು ದಾಟುವ ಹೊತ್ತಿಗೆ ಮಕ್ಕಳಿಗಾಗಿ ಕಥೆಗಳನ್ನು ಬರೆದವನು.

ರಾನ್ಸಮನು 1884ನೆಯ ಇಸವಿ ಜನವರಿ 18ರಂದು ಲೀಡ್ಸ್ ನಗರದಲ್ಲಿ ಜನಿಸಿದನು. ತಂದೆ ಸಿರಿಲ್ ರಾನ್ಸಮನು ಅಲ್ಲಿಯ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕನು. ನಾಲ್ವರು ಮಕ್ಕಳಲ್ಲಿ ಆರ್ಥರನೇ ಹಿರಿಯನು. ಈ ಕುಟುಂಬವು ವರ್ಷವಿಡೀ ಹೊಗೆ ತುಂಬಿದ ಪಟ್ಟಣದಲ್ಲಿದ್ದು, ಬೇಸಗೆಯ ರಜೆಯಲ್ಲಿ ಉತ್ತರದ ಸರೋವರ ಪ್ರಾಂತಕ್ಕೆ ಹೋಗಿ ಕಾನಿಸ್ಟನ್ ಸರೋವರದ ದಕ್ಷಿಣ ತುದಿಯ ನಿಬ್‌ತ್ವೇಟ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದಿತು. ಊರಿಗೆ ಬಂದು ಮುಟ್ಟಿದ ಕೂಡಲೇ ಬಾಲಕ ಆರ್ಥರನು ಯಾರಿಗೂ ಹೇಳದೆ ನೀರಿನ ಅಂಚಿಗೆ ಓಡಿಹೋಗಿ, ಸರೋವರದಲ್ಲಿ ಕೈ ಅದ್ದುವನು. ಆ ಮೇಲೆಯೇ ರಜೆಯು ಆರಂಭವಾಯಿತೆಂದು ಅವನ ಲೆಕ್ಕ. ದೊಡ್ಡವನಾದ ಮೇಲೆಯೂ ದೂರದೇಶಗಳಿಂದ ಹಿಂದಿರುಗಿದಾಗ ಈ ಪದ್ಧತಿಯನ್ನು ಬಿಡಲಿಲ್ಲ.

ತಂದೆಯು ಮಕ್ಕಳನ್ನು ಪ್ರೀತಿಸದವನಲ್ಲ. ಹಸುಳೆಯಾಗಿದ್ದ ಆರ್ಥರನನ್ನು ಕಾನಿಸ್ಟನ್ನಿನ ಬೆಟ್ಟದ ತುದಿಯವರೆಗೆ ಹೊತ್ತುಕೊಂಡು ಹೋಗಿದ್ದನು. ಆದರೆ ಕಲಿಸುವ ರೀತಿ ಮಾತ್ರ ಕಠಿಣ. ಮನುಷ್ಯನ ಮರಿಗೆ ಈಜು ಸ್ವಾಭಾವಿಕವಾಗಿ ಬರುವುದೋ ಎಂದು ಪರೀಕ್ಷಿಸಲು ಮಗನನ್ನು ದೋಣಿಯಿಂದ ನೀರಿಗೆ ಹಾಕಿದನು. ಹುಡುಗನು ಮುಳುಗಿದನು. ಈ ಅಪಮಾನವನ್ನು ಮರೆಯದೆ ಆತನು ಬಳಿಕ ಲೀಡ್ಸಿನ ಸಾರ್ವಜನಿಕ ಸ್ನಾನಗೃಹಕ್ಕೆ ತಾನಾಗಿಯೇ ಹೋಗಿ ಈಜನ್ನು ಕಲಿತನು. ಮನೆಗೆ ಬಂದು ತಿಳಿಸಿದಾಗ ತಂದೆಯು ಮೊದಲು ನಂಬಲಿಲ್ಲ. ಕರೆದುಕೊಂಡು ಹೋಗಿ ಕಣ್ಣಾರೆ ನೋಡಿದ ಮೇಲೆಯೇ ನಂಬಿದನು. ಮಗುವಿನ ಮಾತನ್ನು ದೊಡ್ಡವರು ನಂಬದಿದ್ದರೆ ಮಗುವಿಗೆ ಆಗುವ ನೋವು ಎಷ್ಟೆಂಬುದನ್ನು ರಾನ್ಸಮನು ಆಗಲೇ ಅರಿತನು. ಆತನ ಕಥೆಗಳಲ್ಲಿ ಮುಂದೆ ಇದು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

1897ರಲ್ಲಿ, ಆರ್ಥರನಿಗೆ ಹದಿಮೂರು ವರ್ಷವಾಗಿದ್ದಾಗ, ತಂದೆಯು ತೀರಿಕೊಂಡನು. ಮೀನು ಹಿಡಿಯಲು ಹೋಗಿ ಹಿಂದಿರುಗುವಾಗ ಕಾಲಿಗೆ ತಗಲಿದ ಪೆಟ್ಟೇ ವಿಷಮಿಸಿ, ಕಾಲು ತೆಗೆಯಿಸಿದರೂ ಪ್ರಾಣವುಳಿಯಲಿಲ್ಲ. ಹುಡುಗನು ಶಾಲೆಯಲ್ಲಿ ಮಂದನೆನಿಸಿಕೊಂಡಿದ್ದನು. ವಾಸ್ತವವಾಗಿ ಅವನಿಗೆ ದೂರದೃಷ್ಟಿ ಮಂದವಾಗಿದ್ದು, ಹಲಗೆಯ ಮೇಲಿನ ಬರಹವಾಗಲಿ ಆಟದ ಚೆಂಡಾಗಲಿ ಸರಿಯಾಗಿ ಕಾಣುತ್ತಿರಲಿಲ್ಲ. ರಗ್ಬಿ ಶಾಲೆಗೆ ಸೇರಿದ ಮೇಲೆ ಇದು ಗೊತ್ತಾಗಿ ಕನ್ನಡಕ ಬಂದಿತು. ಎಷ್ಟು ಮಕ್ಕಳು ಇಂತಹ ಕಾರಣದಿಂದಲೇ ಹಿಂದಿನ ಬೆಂಚಿನಲ್ಲಿ ದಡ್ಡರೆನ್ನಿಸಿಕೊಂಡು ಕುಳಿತಿರುತ್ತಾರೆಂಬುದನ್ನು ಉಪಾಧ್ಯಾಯಿನಿಯರಾದವರು ಬಲ್ಲರು. ಆ ಶಾಲೆಯಲ್ಲಿ ಅವನಿಗೆ ಬರವಣಿಗೆಯಲ್ಲಿ ಉತ್ತೇಜನ ಕೊಟ್ಟವನು ಡಬ್ಲ್ಯು. ಎಚ್. ಡಿ. ರೌಸ್ ಎಂಬ ಗುರುವು. ಈತನು ಕಲ್ಕತ್ತೆಯಲ್ಲಿ ಹುಟ್ಟಿದವನು, ಬ್ಯಾಪ್ಟಿಸ್ಟ್ ಮಿಶನರಿಯೊಬ್ಬನ ಮಗನು.

ರಾನ್ಸಮನು ಲೀಡ್ಸಿನ ಕಾಲೇಜಿನಲ್ಲಿ ಕೆಲಕಾಲ ವಿಜ್ಞಾನವನ್ನು ಓದಿ, ಅದನ್ನು ಬಿಟ್ಟು ಲಂಡನ್ ನಗರಕ್ಕೆ ಹೋಗಿ ಪ್ರಕಾಶಕರೊಬ್ಬರಲ್ಲಿ ಓಡಾಡುವ ಕೆಲಸಕ್ಕೆ ಸೇರಿದನು. ರಜೆ ಸಿಕ್ಕಿದಾಗ ಕಾನಿಸ್ಟನ್ನಿಗೆ ಓಡುವನು. 1903ರಲ್ಲಿ ಒಮ್ಮೆ ಅಲ್ಲಿಯ ಹೊಳೆಯ ನಡುವಿನ ಬಂಡೆಯ ಮೇಲೆ ಮಲಗಿ ಪದ್ಯ ಕಟ್ಟುತ್ತಿರಲು, ದಾರಿಯಲ್ಲಿ ಬರುತ್ತಿದ್ದ ಹಿರಿಯನೊಬ್ಬನು ಈತನು ಬದುಕಿರುವನೋ ಇಲ್ಲವೋ ಎಂದು ಸಂದೇಹಪಟ್ಟು ಕೂಗಿ ಕೇಳಿದನು. ಆ ಹಿರಿಯನೇ ಚಿತ್ರಗಾರನೂ ಪಂಡಿತನೂ, ಹಿಂದೆ ಜಾನ್ ರಸ್ಕಿನ್ನನ ಕಾರ್ಯದರ್ಶಿಯೂ ಆಗಿದ್ದ ಡಬ್ಲ್ಯು. ಜಿ. ಕಾಲಿಂಗ್‌ವುಡ್. ತಂದೆಯಿಲ್ಲದ ಯುವಕನಿಗೆ ಆ ಮನೆಯು ತನ್ನ ಮನೆಯಾಯಿತು. ಕಾಲಿಂಗ್‌ವುಡ್ಡನ ಮಕ್ಕಳ ಬಳಿ ಸ್ವಾಲೋ ಎಂಬ ಒಂದು ದೋಣಿಯಿದ್ದಿತು. ಸ್ವಾಲೋ ಎಂದರೆ ಕವಲುಬಾಲದ ಅಂಬರಗುಬ್ಬಿ. ಮುಂದೆ ತತ್ತ್ವಜ್ಞಾನಿಯೆಂದು ಪ್ರಸಿದ್ಧನಾದ ಆ ಮನೆಯ ಮಗ ರಾಬಿನ್ನನೊಡನೆ ರಾನ್ಸಮನು ಆ ದೋಣಿಯಲ್ಲಿ ಹಾಯಿ ನಡೆಸುತ್ತಿದ್ದನು.

ಈತನ ಮೊದಲ ವಿವಾಹವು ಸುಖಕರವಾಗಲಿಲ್ಲ. 1909ರಲ್ಲಿ ಐವಿ ವಾಕರ್ ಎಂಬವಳನ್ನು ಮದುವೆಯಾದನು. ಮರುವರ್ಷ ಟ್ಯಾಬಿತಾ ಎಂಬ ಮಗಳು ಹುಟ್ಟಿದಳು. 1913ರಲ್ಲಿ ಮನೆಯನ್ನು ಬಿಟ್ಟು ರಷ್ಯಾ ದೇಶಕ್ಕೆ ಹೋಗಿ, ಆ ಭಾಷೆಯನ್ನು ಕಲಿತು, ಅಲ್ಲಿಯ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು 1916ರಲ್ಲಿ ಪ್ರಕಟಿಸಿದನು. ಪತ್ರಿಕೆಯ ವರದಿಗಾರನಾಗಿ ಯುದ್ಧವನ್ನೂ 1917ರ ಕ್ರಾಂತಿಯನ್ನೂ ಹತ್ತಿರದಿಂದ ಕಂಡನು. ಟ್ರಾಟ್ಸ್ಕಿಯ ಕಾರ್ಯದರ್ಶಿನಿಯಾಗಿದ್ದ ಎವ್ಗೆನಿಯಾ ಶೆಲೆಪಿನಾ ಎಂಬವಳನ್ನು ಅಲ್ಲಿಯೇ ಅರಿತನು. ಹಳೆಯ ವಿವಾಹವು ರದ್ದಾದ ಮೇಲೆ 1924ರಲ್ಲಿ ಆಕೆಯನ್ನು ಮದುವೆಯಾದನು. ಮಗಳು ತಾಯಿಯ ಬಳಿಯಲ್ಲಿಯೇ ಬೆಳೆದಳು. ಈ ಸಂಗತಿಯನ್ನು ಮುಚ್ಚಿ ಮುಂದಕ್ಕೆ ಹೋಗುವುದು ನನಗೆ ಸರಿಯೆಂದು ತೋರುವುದಿಲ್ಲ. ಲೋಕದ ಮಕ್ಕಳಿಗೆಲ್ಲ ದೋಣಿಯ ಸುಖವನ್ನು ಹಂಚಿದ ಮನುಷ್ಯನು ತನ್ನ ಮಗಳ ಬಾಲ್ಯದಲ್ಲಿ ಬಹುತೇಕ ಇರಲೇ ಇಲ್ಲ. ಮುಂದೆಯೂ ತಂದೆಮಗಳ ಸಂಬಂಧವು ನೇರ್ಪಡಲಿಲ್ಲ.

ಹಾಯಿಯ ವಿದ್ಯೆಯು ಆತನಿಗೆ ಪೂರ್ಣವಾಗಿ ಕೈವಶವಾದದ್ದು ಬಾಲ್ಟಿಕ್ ಸಮುದ್ರದಲ್ಲಿ. 1919ರಲ್ಲಿ ಆತನೂ ಎವ್ಗೆನಿಯಾಳೂ ರಷ್ಯಾದಿಂದ ಎಸ್ಟೋನಿಯಾಕ್ಕೆ ಬಂದರು. ಮುಂದಿನ ವರ್ಷ ಒಂದು ಹಳೆಯ ತೆರೆದ ದೋಣಿಯನ್ನು ಕೊಂಡರು. ಅದರ ನಡಗೆಯನ್ನು ನೋಡಿ ಅದಕ್ಕೆ ಬಸವನಹುಳುವಿನ ಜಾತಿಯ ಹೆಸರನ್ನಿಟ್ಟರು. ಅನಂತರ ಸ್ವಲ್ಪ ಉತ್ತಮವಾದ ಇನ್ನೊಂದು. ಕೊನೆಗೆ 1922ರಲ್ಲಿ ರೀಗಾ ಪಟ್ಟಣದಲ್ಲಿ ರಕುಂಡ್ರಾ ಎಂಬ ನೌಕೆಯನ್ನು ಕಟ್ಟಿಸಿ, ಕಾರ್ಲ್ ಸೆಹ್ಮೆಲ್ ಎಂಬ ವೃದ್ಧ ನಾವಿಕನನ್ನು ಕೂಡಿಕೊಂಡು ಮೂವರೂ ಹೆಲ್ಸಿಂಕಿಗೆ ಹೋಗಿಬಂದರು. ಆ ಪ್ರಯಾಣದ ಪುಸ್ತಕವು 1923ರಲ್ಲಿ ಹೊರಬಿದ್ದಿತು. ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ರಕುಂಡ್ರಾವನ್ನು ಮಾರಿ, 1925ರಲ್ಲಿ ವಿಂಡರ್‌ಮಿಯರ್ ಸರೋವರಕ್ಕೆ ಸಮೀಪದ ಲೋ ಲಡರ್‌ಬರ್ನ್ ಎಂಬ ಹಳೆಯ ಕುಟೀರದಲ್ಲಿ ದಂಪತಿಗಳು ನೆಲೆಸಿದರು.

ಇನ್ನು 1928ನೆಯ ಬೇಸಗೆಯ ವಿಷಯ. ಕಾಲಿಂಗ್‌ವುಡ್ಡನ ಮಗಳಾದ ಡೋರಾಳು ಸಿರಿಯಾ ದೇಶದ ಅಲೆಪ್ಪೋ ನಗರದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಆಲ್ಟೂನ್ಯನ್ ಮನೆತನದ ಅರ್ನೆಸ್ಟ್ ಎಂಬ ವೈದ್ಯನನ್ನು ಮದುವೆಯಾಗಿದ್ದಳು. ಆ ವರ್ಷ ಅವರು ಐದು ಮಕ್ಕಳೊಂದಿಗೆ ಕಾನಿಸ್ಟನ್ನಿಗೆ ಬಂದರು. ಟಾಕ್ವಿ, ಸೂಸಿ, ಟಿಟ್ಟಿ, ರಾಜರ್, ಕೊನೆಯದಾಗಿ ಎರಡು ವರ್ಷದ ಬ್ರಿಜಿಟ್. ಟಿಟ್ಟಿಯ ನಿಜವಾದ ಹೆಸರು ಮೇವಿಸ್. ಮಕ್ಕಳಿಗೆ ಹಾಯಿ ನಡೆಸುವುದನ್ನು ಕಲಿಸಬೇಕೆಂದು ಅರ್ನೆಸ್ಟನೂ ರಾನ್ಸಮನೂ ಬ್ಯಾರೋ ಬಂದರಿನ ಕಡೆಯಿಂದ ಎರಡು ಸಣ್ಣ ದೋಣಿಗಳನ್ನು ತಂದರು. ಒಂದಕ್ಕೆ ಹಳೆಯ ನೆನಪಿನಿಂದ ಸ್ವಾಲೋ ಎಂದೂ ಇನ್ನೊಂದಕ್ಕೆ ಮೇವಿಸ್ ಎಂದೂ ಹೆಸರು. ಅವು ವಿಹಾರನೌಕೆಗಳಲ್ಲ, ಬಂದರಿನ ಜನರು ಉಪಯೋಗಿಸುವಂತಹ ಗಟ್ಟಿಮುಟ್ಟಾದ ದುಡಿಮೆಯ ದೋಣಿಗಳು.

ಇಂತಹ ದೋಣಿಯಲ್ಲಿ ಕಲಿಯಬೇಕಾದುದು ಎಷ್ಟೆಂದು ಪೋಷಕರು ಕೇಳಬಹುದು. ಹಾಯಿಗಂಬ ಒಂದು, ಹಾಯಿ ಒಂದು, ಅದನ್ನು ಏರಿಸಲು ಒಂದು ಹಗ್ಗ, ಗಾಳಿಗೆ ತಕ್ಕಂತೆ ಎಳೆಯಲೂ ಸಡಿಲಿಸಲೂ ಇನ್ನೊಂದು ಹಗ್ಗ, ಹಿಂಬದಿಯಲ್ಲಿ ಚುಕ್ಕಾಣಿ, ಗಾಳಿ ನಿಂತರೆ ಹುಟ್ಟುಗಳು. ಗಾಳಿಗೆ ನೇರವಾಗಿ ಎದುರು ಹೋಗಲಾಗದು. ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಓರೆಯಾಗಿ ಸಾಗಿ, ಏಣಿಯ ಮೆಟ್ಟಲಿನಂತೆ ಮುಂದುವರಿಯಬೇಕು. ಇದನ್ನು ಎಂಟು ವರ್ಷದ ಮಗುವೂ ಒಂದೆರಡು ದಿನಗಳಲ್ಲಿ ಗ್ರಹಿಸುತ್ತದೆ. ಹೆಚ್ಚು ಅಪಾಯಕರವಾದುದು ಹಿಂದಿನಿಂದ ಬೀಸುವ ಗಾಳಿ, ಹಾಯಿಯು ಫಕ್ಕನೆ ಮತ್ತೊಂದು ಪಕ್ಕಕ್ಕೆ ಹೊರಳಿ ತಲೆಗೆ ಬಡಿಯಬಹುದು, ದೋಣಿಯೂ ಮಗುಚಬಹುದು. ಗಾಳಿಯಿಂದ ಬರುವ ಈ ಶಿಕ್ಷೆಯಲ್ಲಿ ಪಕ್ಷಪಾತವಿಲ್ಲ, ಅಜಾಗ್ರತೆಗೆ ತಕ್ಷಣವೇ ಉತ್ತರ ಸಿಗುತ್ತದೆ. ಗಣಿತದ ಪುಸ್ತಕದಲ್ಲಿ ಕೋನಗಳನ್ನು ಕಲಿಯಲು ಬೇಸರಪಡುವ ಬಾಲಿಕೆಯು ಹಗ್ಗವನ್ನು ಕೈಯಲ್ಲಿ ಹಿಡಿದರೆ ಅದೇ ಕೋನವನ್ನು ತಾನೇ ಕಂಡುಕೊಳ್ಳುವಳೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬೇಸಗೆ ಮುಗಿದು ಆಲ್ಟೂನ್ಯನ್ ಕುಟುಂಬವು ಸಿರಿಯಾಕ್ಕೆ ಹೊರಡುವ ಸಮಯದಲ್ಲಿ, 1929ರ ಜನವರಿಯಲ್ಲಿ, ಮಕ್ಕಳು ರಾನ್ಸಮನ ಹುಟ್ಟುಹಬ್ಬಕ್ಕೆ ಒಂದು ಜೊತೆ ಕೆಂಪು ತುರ್ಕಿ ಪಾದರಕ್ಷೆಗಳನ್ನು ಕೊಟ್ಟರು. ಅದಕ್ಕೆ ಪ್ರತಿಯಾಗಿ ಒಂದು ಪುಸ್ತಕವನ್ನು ಬರೆದುಕೊಡಬೇಕೆಂದು ಆತನು ನಿಶ್ಚಯಿಸಿದನು. ಆಗ ಆತನಿಗೆ ನಾಲ್ವತ್ತೈದು ವರ್ಷ. ಹೊಟ್ಟೆಯ ಹುಣ್ಣಿನಿಂದ ನರಳುತ್ತಿದ್ದನು. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಸ್ಥಿರವಾದ ಕೆಲಸವಿದ್ದಿತು. ಪತ್ರಿಕೆಯವರು ಬರ್ಲಿನ್ ನಗರದಲ್ಲಿ ಹುದ್ದೆಯನ್ನು ಕೊಡಲು ಮುಂದಾದಾಗ ಅದನ್ನು ಒಲ್ಲದೆ, ಸಂಬಳವನ್ನು ಬಿಟ್ಟು, ಮಕ್ಕಳ ಕಥೆಗೆ ಕುಳಿತನು. 1930ರಲ್ಲಿ ಸ್ವಾಲೋಸ್ ಆಂಡ್ ಆಮೆಜಾನ್ಸ್ ಪ್ರಕಟವಾಯಿತು. ಮೊದಮೊದಲು ಅದರ ಮಾರಾಟವು ಅಷ್ಟಕ್ಕಷ್ಟೇ. 1932ರಲ್ಲಿ ಬಂದ ಮೂರನೆಯ ಪುಸ್ತಕ ಪೀಟರ್ ಡಕ್ ಓದುಗರನ್ನು ಗೆದ್ದ ಮೇಲೆಯೇ ಆ ಗೃಹಸ್ಥನಿಗೆ ನೆಮ್ಮದಿ. ಆ ಪೀಟರ್ ಡಕ್ ಎಂಬ ವೃದ್ಧ ನಾವಿಕನ ಪಾತ್ರಕ್ಕೆ ರಕುಂಡ್ರಾದ ಕಾರ್ಲ್ ಸೆಹ್ಮೆಲನೇ ಮಾದರಿ.

ಮೊದಲ ಪುಸ್ತಕದ ಕಥೆ ಸರಳವಾದುದು. ನಾಲ್ಕು ಮಕ್ಕಳು ರಜೆಗಾಗಿ ಸರೋವರದ ಬಳಿ ಒಂದು ರೈತಮನೆಗೆ ಬಂದಿದ್ದಾರೆ. ತಂದೆ ನೌಕಾಪಡೆಯ ಅಧಿಕಾರಿ, ದೂರದ ಹಡಗಿನಲ್ಲಿದ್ದಾನೆ. ಮಕ್ಕಳಿಗೆ ಎದುರಿನ ದ್ವೀಪದಲ್ಲಿ ತಾವೇ ಬಿಡಾರ ಮಾಡಿಕೊಂಡಿರಬೇಕೆಂಬ ಆಸೆ. ತಂದೆಯಿಂದ ತಂತಿಯ ಮೂಲಕ ಒಪ್ಪಿಗೆ ಬರುತ್ತದೆ. ಇಲ್ಲಿ ಖರ್ಚಿನ ಲೆಕ್ಕವನ್ನು ಗಮನಿಸಬೇಕು. ದೋಣಿ ಮಕ್ಕಳದಲ್ಲ, ಆ ರೈತಮನೆಯ ದೋಣಿಕೊಟ್ಟಿಗೆಯಲ್ಲಿ ಇದ್ದುದು, ಕಂದುಬಣ್ಣದ ಒಂದೇ ಹಾಯಿಯುಳ್ಳದ್ದು. ಡೇರೆಗಳನ್ನು ತಾಯಿಯೇ ಹೊಲಿದು ಕೊಡುತ್ತಾಳೆ. ಹಾಲು ಪಕ್ಕದ ರೈತನಲ್ಲಿ, ಮೀನು ಸರೋವರದಲ್ಲಿ, ಸೌದೆ ದಡದಲ್ಲಿ. ಸಾಹಸಕ್ಕೆ ಬೇಕಾದ ಉಳಿದುದೆಲ್ಲ ಮಕ್ಕಳ ಕಲ್ಪನೆಯಲ್ಲಿದೆ. ಡಬ್ಬಿಯ ಮಾಂಸವು ಧ್ರುವಯಾತ್ರಿಕರ ಆಹಾರವಾಗುತ್ತದೆ, ಶುಂಠಿಯ ಪಾನಕವು ನಾವಿಕರ ಮದ್ಯವಾಗುತ್ತದೆ.

ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಪುಸ್ತಕವನ್ನು ಓದುವಾಗ ಒಂದು ಪ್ರಶ್ನೆ ಏಳದಿರದು. ನಿಜವಾದ ಕುಟುಂಬದಲ್ಲಿ ಹಿರಿಯವಳು ಟಾಕ್ವಿ ಎಂಬ ಹುಡುಗಿ. ಪುಸ್ತಕದಲ್ಲಿಯಾದರೋ ಆ ಸ್ಥಾನಕ್ಕೆ ಜಾನ್ ಎಂಬ ಹುಡುಗನು ಬಂದು ಕಪ್ತಾನನಾಗಿದ್ದಾನೆ. ಸೂಸನ್ನಳ ಪಾಲಿಗೆ ಅಡಿಗೆಯೂ ತಮ್ಮನ ಒದ್ದೆ ಬಟ್ಟೆಯೂ ಬಿದ್ದಿವೆ. ಇದು ನನಗೆ ಹಿಡಿಸಿದ ಸಂಗತಿಯಲ್ಲ. ಆದರೆ ಗ್ರಂಥಕರ್ತನು ಅಲ್ಲಿಗೇ ನಿಲ್ಲಲಿಲ್ಲ. ಆಮೆಜಾನ್ ಎಂಬ ಇನ್ನೊಂದು ದೋಣಿಯ ಕಪ್ತಾನಳು ನಾನ್ಸಿ ಎಂಬ ಹುಡುಗಿ, ಅವಳ ಸಹಾಯಕಿ ತಂಗಿ ಪೆಗ್ಗಿ. ಗಾಳಿ, ನೀರು, ಯುದ್ಧತಂತ್ರ, ಯಾವುದರಲ್ಲಿಯೂ ನಾನ್ಸಿಯು ಜಾನನಿಗೆ ಕಡಿಮೆಯಿಲ್ಲ. ಆ ದೋಣಿಯನ್ನು ರಾತ್ರಿಯ ಕತ್ತಲಲ್ಲಿ ಒಬ್ಬಳೇ ಸೆರೆಹಿಡಿದವಳು ಕಿರಿಯ ಟಿಟ್ಟಿ. ಹುಡುಗಿಯರು ದಡದಲ್ಲಿ ನಿಂತು ವಸ್ತ್ರ ಬೀಸುವುದಕ್ಕಲ್ಲದೆ ಚುಕ್ಕಾಣಿ ಹಿಡಿಯುವುದಕ್ಕೂ ತಕ್ಕವರೆಂದು 1930ರಲ್ಲಿ ವಾದವಿಲ್ಲದೆ, ಸಹಜವೆಂಬಂತೆ ಬರೆದ ಪುಸ್ತಕಗಳು ವಿರಳ.

1931ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಜಾನನ ಅವಿವೇಕದಿಂದ ಸ್ವಾಲೋ ದೋಣಿಯು ಬಂಡೆಗೆ ಬಡಿದು ಮುಳುಗುತ್ತದೆ. ಸಿರಿವಂತರ ಕಥೆಯಾಗಿದ್ದರೆ ಹೊಸ ದೋಣಿ ಬರುತ್ತಿದ್ದಿತು. ಇಲ್ಲಿ ಮಕ್ಕಳೇ ನೀರಿಗೆ ಧುಮುಕಿ, ಅಡಿಯಲ್ಲಿಟ್ಟಿದ್ದ ತೂಕದ ಗಟ್ಟಿಗಳನ್ನು ಎತ್ತಿ, ದೋಣಿಯನ್ನು ದಡಕ್ಕೆಳೆದು, ಒಡಕಿಗೆ ತೇಪೆ ಹಾಕುತ್ತಾರೆ. ಬಡಗಿಯು ಹಲಗೆಗಳನ್ನು ಸರಿಪಡಿಸುವಷ್ಟರಲ್ಲಿ ಜಾನನು ಹೊಸ ಹಾಯಿಗಂಬವನ್ನು ಕೆತ್ತಿ ನಯಮಾಡುತ್ತಾನೆ. 1934ರ ಕೂಟ್ ಕ್ಲಬ್ ಎಂಬ ಪುಸ್ತಕವು ನಾರ್‌ಫೋಕ್ ಪ್ರಾಂತದ ನದಿಕೆರೆಗಳ ಮೇಲೆ ನಡೆಯುತ್ತದೆ. ಅಲ್ಲಿ ದೋಣಿ ಕಟ್ಟುವವರ ಮಕ್ಕಳು ಮೂವರು, ಜೋ, ಬಿಲ್, ಪೀಟ್, ಒಂದು ಹಳೆಯ ಹಡಗಿನ ದೋಣಿಗೆ ತಾವೇ ಕರಿಯ ಟಾರು ಬಳಿದು ನಡೆಸುತ್ತಾರೆ. ಅದೇ ನೀರಿನಲ್ಲಿ ಬಾಡಿಗೆಯ ದೊಡ್ಡ ಯಂತ್ರದೋಣಿಯಲ್ಲಿ ಹಾಡುಪೆಟ್ಟಿಗೆಯನ್ನು ಗಟ್ಟಿಯಾಗಿ ಬಾರಿಸುತ್ತ, ಹಕ್ಕಿಗಳ ಗೂಡುಗಳ ಪಕ್ಕದಲ್ಲಿಯೇ ಲಂಗರು ಹಾಕುವ ಹಣವಂತರೂ ಇದ್ದಾರೆ. ರಾನ್ಸಮನ ಒಲವು ಯಾವ ದೋಣಿಯ ಕಡೆಗೆಂಬುದನ್ನು ಹೇಳಬೇಕಾದುದಿಲ್ಲ.

ಆತನ ಹನ್ನೆರಡು ಕಥೆಗಳಲ್ಲಿ ಪೋಷಕರು ಓದಲೇಬೇಕಾದುದು 1937ರಲ್ಲಿ ಬಂದ ಏಳನೆಯದು. 1935ರಲ್ಲಿ ರಾನ್ಸಮನು ಪೂರ್ವ ತೀರದ ಸಫೋಕ್ ಪ್ರಾಂತಕ್ಕೆ ಮನೆ ಬದಲಾಯಿಸಿದ್ದನು, ನಾನ್ಸಿ ಬ್ಲಾಕೆಟ್ ಎಂಬ ತನ್ನ ನಾಯಕಿಯ ಹೆಸರನ್ನೇ ಇಟ್ಟ ಒಂದು ನೌಕೆಯನ್ನು ಹೊಂದಿದ್ದನು. ಕಥೆಯಲ್ಲಿ ಅದೇ ನೌಕೆಗೆ ಗಾಬ್ಲಿನ್ ಎಂದು ಹೆಸರು. ಅಳಿವೆಯಿಂದ ಹೊರಕ್ಕೆ ಹೋಗೆವೆಂದು ನಾಲ್ಕು ಮಕ್ಕಳು ತಾಯಿಗೆ ವಚನ ಕೊಟ್ಟಿದ್ದಾರೆ. ನೌಕೆಯ ಯಜಮಾನನಾದ ಯುವಕನು ಪೆಟ್ರೋಲು ತರಲು ದಡಕ್ಕೆ ಹೋಗಿದ್ದಾಗ ಮಂಜು ಕವಿಯುತ್ತದೆ, ಭರತದ ನೀರು ಏರಿ ಲಂಗರು ಕಿತ್ತುಬರುತ್ತದೆ, ನೌಕೆಯು ಅಳಿವೆಯನ್ನು ದಾಟಿ ಸಮುದ್ರಕ್ಕೆ ತೇಲಿಹೋಗುತ್ತದೆ. ಹಿಂದಿರುಗಲು ಯತ್ನಿಸಿದರೆ ಮರಳುದಿಬ್ಬಗಳ ಮೇಲೆ ಒಡೆಯುವುದು ನಿಶ್ಚಯ. ಆಳವಾದ ನೀರಿನಲ್ಲಿ ಮುಂದುವರಿದರೆ ವಚನಭಂಗ. ಸೂಸನ್ನಳು ಅಳುತ್ತಾಳೆ, ವಾಂತಿಮಾಡುತ್ತಾಳೆ, ತಿರುಗಿಸೆಂದು ಬೇಡುತ್ತಾಳೆ. ಜಾನನು ಯೋಚಿಸಿ, ತಾಯಿಯು ಆ ವಚನವನ್ನು ಏತಕ್ಕಾಗಿ ಪಡೆದಳೋ ಆ ಉದ್ದೇಶವು ಉಳಿಯಬೇಕಾದರೆ ಹೊರಸಮುದ್ರವೇ ಲೇಸೆಂದು ನಿರ್ಣಯಿಸಿ, ರಾತ್ರಿಯಿಡೀ ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದು ಹಾಲೆಂಡಿನ ಫ್ಲಷಿಂಗ್ ಬಂದರನ್ನು ಸೇರುತ್ತಾನೆ. ಅಲ್ಲಿ ಅನಿರೀಕ್ಷಿತವಾಗಿ ತಂದೆಯು ಎದುರಾಗುತ್ತಾನೆ, ಗದರಿಸದೆ ಮಗನ ಮಾತನ್ನು ಪೂರ್ತಿಯಾಗಿ ಕೇಳಿ, ನಂಬುತ್ತಾನೆ. ಲೀಡ್ಸಿನ ಸ್ನಾನಗೃಹದ ಕಥೆಯನ್ನು ಬಲ್ಲವರಿಗೆ ಈ ಭಾಗವನ್ನು ಓದುವಾಗ ಗಂಟಲು ಕಟ್ಟುತ್ತದೆ. ರಾನ್ಸಮನು ಇದನ್ನು ಮನೆಯಲ್ಲಿ ಕುಳಿತು ಊಹಿಸಿ ಬರೆಯಲಿಲ್ಲ. 1936ರಲ್ಲಿ ತಾನೇ ನಾನ್ಸಿ ಬ್ಲಾಕೆಟ್‌ನಲ್ಲಿ ಆ ದಾರಿಯಾಗಿ ಫ್ಲಷಿಂಗಿಗೆ ಹೋಗಿಬಂದು, ಪ್ರತಿಯೊಂದು ತೇಲುಗುರುತನ್ನೂ ದೀಪವನ್ನೂ ನೋಡಿಕೊಂಡು ಬರೆದನು.

ಆದರೂ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಆತನ ಕಥೆಗಳ ಮಕ್ಕಳು ತೇಲುವ ಅಂಗಿಗಳನ್ನು ಧರಿಸುವುದಿಲ್ಲ, ಆ ಕಾಲದಲ್ಲಿ ಅಂತಹ ರೂಢಿಯಿರಲಿಲ್ಲ. ಇಂದು ಮಕ್ಕಳಿಗೆ ಹಾಯಿ ಕಲಿಸುವ ಯಾವ ಒಳ್ಳೆಯ ಶಿಕ್ಷಕನೂ ತೇಲಂಗಿಯಿಲ್ಲದೆ ಮಗುವನ್ನು ದೋಣಿಗೆ ಹತ್ತಿಸುವುದಿಲ್ಲ. ಈಜು ಬರುವುದೂ ಮುಖ್ಯ, ರಾನ್ಸಮನ ತಂದೆಯ ವಿಧಾನದಿಂದ ಮಾತ್ರ ಬೇಡ.

1936ರ ಪಿಜನ್ ಪೋಸ್ಟ್ ಎಂಬ ಪುಸ್ತಕಕ್ಕೆ ಇಂಗ್ಲೆಂಡಿನ ಗ್ರಂಥಾಲಯ ಸಂಘದ ಕಾರ್ನೆಗಿ ಪದಕವು ಲಭಿಸಿತು. ಆ ಪದಕವನ್ನು ಪಡೆದವರಲ್ಲಿ ಆತನೇ ಪ್ರಥಮನು. ಕೊನೆಯ ಕಥೆಯು 1947ರಲ್ಲಿ ಬಂದಿತು. ಅದೇ ವರ್ಷದಲ್ಲಿ ಅಮೇರಿಕದ ಫ್ಲಾರಿಡಾ ಪ್ರಾಂತದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರನು, ಎಂಟು ಅಡಿಯ ಪ್ಲೈವುಡ್ ಹಲಗೆಗಳಿಂದ ಐವತ್ತು ಡಾಲರಿನೊಳಗೆ ಕಟ್ಟಬಹುದಾದ ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿಯನ್ನು ರೂಪಿಸಿದನು. ನಮ್ಮ ದೇಶದಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ಮಕ್ಕಳು ಹಾಯಿ ಕಲಿಯುವುದು ಇದೇ ಜಾತಿಯ ದೋಣಿಯಲ್ಲಿ. ಇಂಗ್ಲೆಂಡಿನಲ್ಲಿ 1963ರಲ್ಲಿ ಡೈಲಿ ಮಿರರ್ ಪತ್ರಿಕೆಯವರು, ಬ್ಯಾರಿ ಬಕ್ನೆಲ್ ಮತ್ತು ಜಾಕ್ ಹೋಲ್ಟ್ ಎಂಬವರು ರೂಪಿಸಿದ ಮಿರರ್ ದೋಣಿಯನ್ನು 63 ಪೌಂಡು 11 ಶಿಲಿಂಗಿಗೆ ಹೊರತಂದರು. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಅಂಟು ಹಾಕಿ, ಮನೆಯ ಹಿತ್ತಲಿನಲ್ಲಿಯೇ ತಂದೆಯೂ ಮಕ್ಕಳೂ ಕೂಡಿ ಕಟ್ಟಬಹುದಾಗಿದ್ದಿತು. ಅದರ ಕೆಂಪು ಹಾಯಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸರೋವರಗಳಲ್ಲಿಯೂ ಅಳಿವೆಗಳಲ್ಲಿಯೂ ಕಾಣಿಸಿಕೊಂಡವು. ಬಾಲ್ಯದಲ್ಲಿ ರಾನ್ಸಮನ ಪುಸ್ತಕಗಳನ್ನು ಓದಿ ಬೆಳೆದವರೇ ಆಗ ತಂದೆತಾಯಿಗಳಾಗಿದ್ದರೆಂಬುದು ಬರೀ ಆಕಸ್ಮಿಕವೆಂದು ನಾನು ತಿಳಿಯಲಾರೆನು.

ವೃದ್ಧಾಪ್ಯದಲ್ಲಿ ಆತನ ಮನಸ್ಸು ಸ್ವಲ್ಪ ಕಹಿಯಾಗಿದ್ದಿತು. ತನ್ನ ಕಥೆಯ ಮಕ್ಕಳು ತನ್ನ ಕಲ್ಪನೆಯವರು, ಆಲ್ಟೂನ್ಯನ್ ಮಕ್ಕಳ ಪಡಿಯಚ್ಚಲ್ಲವೆಂದು ಸಾಧಿಸಲು ಹೊರಟು, 1958ರ ಮುದ್ರಣದಲ್ಲಿ ಆ ಪಾದರಕ್ಷೆಗಳನ್ನು ನೆನೆಯುವ ಹಳೆಯ ಅರ್ಪಣೆಯನ್ನು ತೆಗೆದುಹಾಕಿದನು. ಕೊಟ್ಟ ಕಾಣಿಕೆಯನ್ನು ಹಿಂತೆಗೆದುಕೊಂಡಂತಾಯಿತು. ಆ ಮನೆಯವರು ಇದರಿಂದ ನೊಂದರು. ಕಥೆಯಲ್ಲಿ ಎಲ್ಲರಿಗಿಂತ ಕಿರಿಯ ನಾವಿಕನಾಗಿರುವ ರಾಜರನು ನಿಜಜೀವನದಲ್ಲಿ ಯುದ್ಧಕಾಲದಲ್ಲಿ ವಿಮಾನ ನಡೆಸಿ, ವೈದ್ಯನಾಗಿ, ತನಗಿದ್ದ ಉಬ್ಬಸರೋಗದ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಸೋಡಿಯಂ ಕ್ರೋಮೊಗ್ಲೈಕೇಟ್ ಎಂಬ ಔಷಧವನ್ನೂ ಅದನ್ನು ಪುಡಿಯಾಗಿ ಉಸಿರಿನೊಡನೆ ಸೇದುವ ಸ್ಪಿನ್‌ಹೇಲರ್ ಎಂಬ ಉಪಕರಣವನ್ನೂ ಲೋಕಕ್ಕೆ ಕೊಟ್ಟನು. ಆತನು 1987ರಲ್ಲಿ ತೀರಿಕೊಂಡನು.

ರಾನ್ಸಮನಿಗೆ 1953ರಲ್ಲಿ ಸರ್ಕಾರದ ಬಿರುದು ಬಂದಿತು. 1967ನೆಯ ಜೂನ್ 3ರಂದು ತನ್ನ ಎಂಭತ್ತಮೂರನೆಯ ವಯಸ್ಸಿನಲ್ಲಿ ನಿಧನನಾದನು. ಎವ್ಗೆನಿಯಾಳು 1975ರವರೆಗೆ ಜೀವಿಸಿದ್ದಳು. ಸರೋವರ ಪ್ರಾಂತದ ರಸ್‌ಲೆಂಡ್ ಎಂಬ ಚಿಕ್ಕ ಹಳ್ಳಿಯ ದೇವಾಲಯದ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ. ಟಿಟ್ಟಿಯ ಹೆಸರನ್ನು ಹೊತ್ತು, ಕಥೆಯಲ್ಲಿ ಆಮೆಜಾನ್ ಆದ ಮೇವಿಸ್ ದೋಣಿಯನ್ನು ದುರಸ್ತುಮಾಡಿ ಕಾನಿಸ್ಟನ್ ಊರಿನ ರಸ್ಕಿನ್ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಆ ಕಡೆಗೆ ಪ್ರಯಾಣಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಕ್ಕಳೊಡನೆ ಹೋಗಿ ಅದನ್ನು ನೋಡಬಹುದು.